ಗಿರಿಯಾತ್ರೆಗೆ ಬಿಡಾರದ ಆಯ್ಕೆ

ಸಂಸ್ಕೃತದಲ್ಲಿ ಉಪತ್ಯಕೆ, ಅಧಿತ್ಯಕೆ ಎಂಬ ಎರಡು ಶಬ್ದಗಳುಂಟು. ಬೆಟ್ಟದ ಬುಡಕ್ಕೆ ಹೊಂದಿಕೊಂಡಿರುವ ನೆಲವು ಉಪತ್ಯಕೆ. ಬೆಟ್ಟದ ಮೇಲಣ ನೆಲವು ಅಧಿತ್ಯಕೆ. ಪಾಣಿನಿ ಮಹರ್ಷಿಯು ಈ ಎರಡು ಪದಗಳಿಗಾಗಿಯೇ ಒಂದು ಸೂತ್ರವನ್ನು ರಚಿಸಿದ್ದಾನೆ. ಅಮರಕೋಶವು ಇವೆರಡನ್ನೂ ಜೊತೆಯಾಗಿ ಹೇಳುತ್ತದೆ. ಮೂವತ್ತು ವರ್ಷಗಳಿಗೂ ಮಿಕ್ಕು ಕಾಲ ಮಕ್ಕಳಿಗೆ ಇಂಥ ಪದಗಳನ್ನು ಬಾಯಿಪಾಠ ಮಾಡಿಸಿದವನು ನಾನು. ಆದರೆ ಇವುಗಳ ನಡುವಣ ಅಂತರವೆಷ್ಟೆಂಬುದನ್ನು ನಾನು ಅರಿತುದು ಗ್ರಂಥದಿಂದಲ್ಲ, ಕಾಲಿನಿಂದ. ಅದೂ ಒಂದೇ ಒಂದು ರಾತ್ರಿಯಲ್ಲಿ. ಆ ಸಂಗತಿಯನ್ನು ಮುಂದೆ ನಿವೇದಿಸುವೆನು.

ಕಳೆದ ವರ್ಷ ಚೈತ್ರಮಾಸದಲ್ಲಿ ನನ್ನ ಮಗಳು, ಅಳಿಯಂದಿರು, ಹನ್ನೊಂದು ವರ್ಷದ ಮೊಮ್ಮಗ ಈ ಮೂವರೂ ಬೆಂಗಳೂರಿನಿಂದ ಸಂತೆಗುಳಿಯ ನಮ್ಮ ಮನೆಗೆ ಬೇಸಿಗೆಯ ರಜೆಯನ್ನು ಕಳೆಯಲು ಬಂದಿದ್ದರು. ಮೊಮ್ಮಗನು ಜಗಲಿಯಲ್ಲಿ ಕುಳಿತು ಪೂರ್ವದಿಕ್ಕಿನ ಘಟ್ಟದ ಸಾಲನ್ನು ನೋಡುತ್ತ, "ಅಜ್ಜ, ಈ ರಜೆಯಲ್ಲಿ ಒಂದು ದೊಡ್ಡ ಬೆಟ್ಟವನ್ನು ಹತ್ತೋಣ" ಎಂದನು. ಅಳಿಯಂದಿರು ಉದ್ಯೋಗದ ನಿಮಿತ್ತ ಕೆಲಕಾಲ ಸ್ವಿಟ್ಜರ್ಲೆಂಡಿನಲ್ಲಿ ಇದ್ದು ಆಲ್ಪ್ಸ್ ಪರ್ವತಗಳನ್ನು ಕಂಡವರು, ಅವರಿಗೂ ಉತ್ಸಾಹವುಂಟಾಯಿತು. "ಕುಮಾರಪರ್ವತವೇ ಆಗಲಿ ಮಾವ" ಎಂದು ಹೇಳಿ, ಕೈಯಲ್ಲಿದ್ದ ಮೊಬೈಲಿನಲ್ಲಿ ಆಗಲೇ ವಸತಿಗೃಹವನ್ನು ಹುಡುಕತೊಡಗಿದರು. ಆಗ ಒಳಗಿನಿಂದ ನಮ್ಮ ಗೃಹಿಣಿಯು ಬಂದು ಬಾಗಿಲಲ್ಲಿ ನಿಂತು, "ನನ್ನ ಮಂಡಿ ಅಟ್ಟದ ಮೆಟ್ಟಿಲನ್ನೇ ಒಲ್ಲದು. ನೀವೆಲ್ಲ ಮೇಲೆ ಹೋದಾಗ ನಾನು ಎಲ್ಲಿ ಕೂತಿರಬೇಕು?" ಎಂದು ಕೇಳಿದಳು.

ವಾಚಕ ಮಹಾಶಯರೇ, ಗಿರಿಯಾತ್ರೆಗೆ ಹೊರಡುವ ಗೃಹಸ್ಥನು ಮೊಟ್ಟಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಇದೇ. ಯಾವ ಶಿಖರವನ್ನು ಏರಬೇಕೆಂಬುದನ್ನು ಎಲ್ಲರೂ ಯೋಚಿಸುತ್ತಾರೆ. ಬಿಡಾರವನ್ನು ಎಲ್ಲಿ ಹೂಡಬೇಕೆಂಬುದನ್ನು ಯೋಚಿಸುವವರು ವಿರಳ. ಶಿಖರದ ಮೇಲೆ ನಾವು ನಿಲ್ಲುವುದು ಅರ್ಧ ಗಳಿಗೆ. ಬುಡದ ಊರಿನಲ್ಲಿ ಇರುವುದು ಎರಡು ಮೂರು ದಿನ. ಆದುದರಿಂದ ಈ ವಿಷಯದಲ್ಲಿ ನಾನು ತಿಳಿದುದನ್ನೂ ಅನುಭವಿಸಿದುದನ್ನೂ ಇಲ್ಲಿ ಬರೆದಿದ್ದೇನೆ.

ಆಲ್ಪ್ಸಿನ ಪಾಠ

ಯೂರೋಪಿನ ಜನರು ಬೆಟ್ಟ ಹತ್ತುವುದನ್ನು ಒಂದು ವಿದ್ಯೆಯನ್ನಾಗಿ ಬೆಳೆಸಿದವರು. ಆಲ್ಪ್ಸಿನ ಅತ್ಯುನ್ನತವಾದ ಮಾಂಟ್ ಬ್ಲಾಂಕ್ ಶಿಖರವನ್ನು 1786ನೆಯ ಇಸವಿ ಆಗಸ್ಟ್ 8ರಂದು ಮೊದಲು ಏರಿದವರು ಬಾಲ್ಮಾ ಮತ್ತು ಪಕ್ಕಾರ್ ಎಂಬ ಇಬ್ಬರು. ಇಬ್ಬರೂ ಬೆಟ್ಟದ ಬುಡದಲ್ಲಿರುವ ಶಾಮನಿ ಕಣಿವೆಯವರೇ. ಒಬ್ಬನು ಬೆಟ್ಟದಲ್ಲಿ ಸ್ಫಟಿಕವನ್ನು ಹುಡುಕಿ ಮಾರುವವನು, ಇನ್ನೊಬ್ಬನು ಊರಿನ ವೈದ್ಯನು. ಬೆಟ್ಟದ ಗುಟ್ಟು ಬುಡದ ಊರಿನವರಿಗೆ ಗೊತ್ತಿರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? 1821ರಲ್ಲಿ ಆ ಊರಿನ ಮಾರ್ಗದರ್ಶಕರು ತಮ್ಮದೇ ಒಂದು ಸಂಘವನ್ನು ಕಟ್ಟಿಕೊಂಡರು. ಅದು ಇಂದಿಗೂ ನಡೆಯುತ್ತಿದೆ. ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಶಿಖರಕ್ಕೆ ಜೆರ್ಮಾಟ್ ಎಂಬ ಊರು ಬಿಡಾರ. ಅಲ್ಲಿಂದ ಹೊರಟವರಲ್ಲಿ ಏಳು ಮಂದಿ 1865ರ ಜುಲೈ 14ರಂದು ಆ ಶಿಖರವನ್ನು ಮೊದಲಬಾರಿ ಏರಿದರು. ಇಳಿಯುವಾಗ ನಾಲ್ವರು ಬಿದ್ದು ಮಡಿದರು. ಏರುವುದು ಅರ್ಧ ಕೆಲಸ, ಬಿಡಾರಕ್ಕೆ ಮರಳುವುದೇ ಪೂರ್ಣ ಕೆಲಸ ಎಂಬುದನ್ನು ಆ ದಿನವು ಲೋಕಕ್ಕೆ ಕಲಿಸಿತು.

ಅಲ್ಲಿಯ ಜನ ಬಿಡಾರವನ್ನು ಆರಿಸುವ ಬಗೆಯನ್ನು ಅಳಿಯಂದಿರು ವಿವರಿಸಿ ಹೇಳಿದರು. ಶಾಮನಿಯು ಸಮುದ್ರಮಟ್ಟದಿಂದ 1,035 ಮೀಟರ್ ಎತ್ತರದಲ್ಲಿದೆ; ಜೆರ್ಮಾಟ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಜೆರ್ಮಾಟಿಗೆ ಪೆಟ್ರೋಲ್ ಮೋಟಾರುಗಳ ಪ್ರವೇಶವಿಲ್ಲ. ಕೆಳಗಿನ ಊರಿನಲ್ಲಿ ವಾಹನವನ್ನು ಬಿಟ್ಟು ರೈಲಿನಲ್ಲಿ ಹೋಗಬೇಕು. ಹೀಗಾಗಿ ಅದು ಶಾಂತವಾದ ಊರು, ಆದರೆ ವೆಚ್ಚದ ಊರು. ಒಂದೇ ಶಿಖರವಿರುವ ಕಣಿವೆಗಿಂತ ಚಿಕ್ಕದು ದೊಡ್ಡದು ಎಂದು ಹಲವು ಬೆಟ್ಟಗಳಿರುವ ಕಣಿವೆ ಲೇಸು. ಒಂದು ದಾರಿ ಕೆಟ್ಟರೆ ಇನ್ನೊಂದಕ್ಕೆ ಹೋಗಬಹುದು. ಮಳೆ ಹಿಡಿದ ದಿನ ಮಾಡಲು ಏನಾದರೂ ಇರಬೇಕು. ಹತ್ತಲಾರದವರಿಗೂ ಆ ಊರಿನಲ್ಲಿ ಹೊತ್ತು ಹೋಗಬೇಕು. ಇವೇ ಅವರ ವಿಚಾರಗಳು.

ನಮ್ಮ ಪೂರ್ವಿಕರ ಬಿಡಾರಗಳು

ಇದನ್ನೆಲ್ಲ ಕೇಳಿದಾಗ ನನಗೆ ಒಂದು ಸಂಗತಿ ಹೊಳೆಯಿತು. ನಮ್ಮ ಸಹ್ಯಾದ್ರಿಯಲ್ಲಿ ಒಂದೊಂದು ಮಹಾಶಿಖರದ ಬುಡದಲ್ಲಿಯೂ ಒಂದೊಂದು ಕ್ಷೇತ್ರವಿದೆ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಕೊಲ್ಲೂರು, 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಕುಕ್ಕೆ ಸುಬ್ರಹ್ಮಣ್ಯ, 1,894 ಮೀಟರ್ ಎತ್ತರದ ಕುದುರೆಮುಖಕ್ಕೆ ಸಮೀಪದ ಕಳಸ, ತಲಕಾವೇರಿಯ ಗಿರಿಗಳಿಗೆ ಭಾಗಮಂಡಲ. ಕ್ಷೇತ್ರವೆಂದ ಮೇಲೆ ಅಲ್ಲಿ ಸ್ನಾನಕ್ಕೆ ನದಿ, ಮಲಗಲು ಛತ್ರ, ಮಧ್ಯಾಹ್ನಕ್ಕೆ ಅನ್ನಪ್ರಸಾದ, ಹೋಗಿಬರಲು ಬಸ್ಸು, ಮಾತಾಡಲು ಜನ. ಮುದುಕರೂ ಮಕ್ಕಳೂ ಹೆಂಗಸರೂ ನಿರಾತಂಕವಾಗಿ ಇರಬಹುದಾದ ಉಪತ್ಯಕೆಗಳಿವು. ಆಲ್ಪ್ಸಿನವರು ಹೋಟೆಲುಗಳಿಂದ ಪಡೆದುದನ್ನು ನಮ್ಮವರು ದೇವಸ್ಥಾನಗಳಿಂದ ಪಡೆದುಕೊಂಡರು.

ಆದರೆ ಕ್ಷೇತ್ರದ ಬಿಡಾರಕ್ಕೆ ಒಂದು ಕುಂದುಂಟು. ಅದು ಬಹಳ ತಗ್ಗಿನಲ್ಲಿರುತ್ತದೆ. ಇಲ್ಲಿ ಸ್ವಲ್ಪ ಗಣಿತವನ್ನು ಮಾಡೋಣ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿಯು ಒಂದು ಸುಲಭವಾದ ನಿಯಮವನ್ನು ಹೇಳಿದನು: ನಡೆಯುವ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದಲ್ಲದೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ಕುಮಾರಪರ್ವತದ ನೆತ್ತಿಗೆ ಹನ್ನೆರಡು ಹದಿಮೂರು ಕಿಲೋಮೀಟರ್ ದಾರಿ. ಏರು ಒಂದೂವರೆ ಸಾವಿರ ಮೀಟರಿಗೂ ಕಡಿಮೆಯಲ್ಲ. ದೂರಕ್ಕೆ ಎರಡೂವರೆ ಗಂಟೆ, ಏರಿಗೆ ಎರಡೂವರೆ ಗಂಟೆ, ಒಟ್ಟು ಐದು ಗಂಟೆ. ಇದು ವಿಶ್ರಾಂತಿಯಿಲ್ಲದೆ ನಡೆಯುವ ಗಟ್ಟಿಗನ ಲೆಕ್ಕ. ಕಚೇರಿಯ ಕುರ್ಚಿಯಿಂದ ಎದ್ದು ಬಂದ ಗೃಹಸ್ಥನೂ ಹನ್ನೊಂದು ವರ್ಷದ ಬಾಲಕನೂ ಅದರ ಒಂದೂವರೆ ಪಾಲನ್ನಾದರೂ ತೆಗೆದುಕೊಳ್ಳುತ್ತಾರೆ. ಅಂದರೆ ಏಳೂವರೆ ಗಂಟೆ. ಇಳಿಯಲು ಮತ್ತೆ ಐದಾರು ಗಂಟೆ. ಬೆಳಗಿನ ಆರಕ್ಕೆ ಹೊರಟವರು ಸಂಜೆ ಏಳಕ್ಕೂ ಊರನ್ನು ಮುಟ್ಟಲಾರರು. ಆಗ ಕಾಡಿನಲ್ಲಿ ಕತ್ತಲಾಗಿರುತ್ತದೆ.

ಅದೇ ಪರ್ವತವನ್ನು ಸೋಮವಾರಪೇಟೆಯ ಕಡೆಯಿಂದ, ಬೀದಳ್ಳಿಯ ದಾರಿಯಾಗಿ ಹತ್ತುವುದಾದರೆ ನಡಿಗೆ ಆರೇಳು ಕಿಲೋಮೀಟರ್ ಮಾತ್ರ. ಆ ಊರು ಮೊದಲೇ ಎತ್ತರದ ಕಾಫಿಯ ನಾಡಿನಲ್ಲಿರುವುದರಿಂದ ಏರು ಅರ್ಧಕ್ಕೂ ಕಡಿಮೆ. ಒಂದೇ ದಿನದಲ್ಲಿ ಬೆಳಕಿರುವಾಗಲೇ ಹೋಗಿ ಬರಬಹುದು. ಆದರೆ ಕ್ಷೇತ್ರದ ಸೌಕರ್ಯ ಅಲ್ಲಿಲ್ಲ. ಇದೇ ಉಪತ್ಯಕೆಗೂ ಅಧಿತ್ಯಕೆಗೂ ಇರುವ ವ್ಯತ್ಯಾಸ. ಕೊಡಚಾದ್ರಿಯಲ್ಲಿಯೂ ಹೀಗೆಯೇ: ಕೊಲ್ಲೂರು ಘಟ್ಟದ ಕೆಳಗೆ, ನಿಟ್ಟೂರು ಘಟ್ಟದ ಮೇಲೆ. 1,930 ಮೀಟರ್ ಎತ್ತರವಾಗಿ ಕರ್ನಾಟಕದಲ್ಲಿಯೇ ಮೊದಲನೆಯದಾದ ಮುಳ್ಳಯ್ಯನಗಿರಿಗೆ ಮಾತ್ರ ಚಿಕ್ಕಮಗಳೂರು ಎಂಬ ಎತ್ತರದ ಪಟ್ಟಣವೇ ಬಿಡಾರ; ಆಸ್ಪತ್ರೆ, ಅಂಗಡಿ, ವಸತಿ ಎಲ್ಲವೂ ಅಲ್ಲುಂಟು, ಬೆಟ್ಟದ ನೆತ್ತಿಯ ಸಮೀಪದವರೆಗೂ ರಸ್ತೆಯುಂಟು. ನಡೆಯಲಾರದವರೂ ಶಿಖರವನ್ನು ಕಣ್ಣಾರೆ ಕಾಣಬಹುದಾದ ಗಿರಿಯದು.

ಕಾಲವನ್ನು ನೋಡಿ ಊರನ್ನು ನೋಡಬೇಕು

ಆಲ್ಪ್ಸಿನಲ್ಲಿ ಬೇಸಿಗೆಯೇ ಬೆಟ್ಟದ ಕಾಲ. ಹಿಮ ಕರಗಿ ದಾರಿಗಳು ತೆರೆಯುತ್ತವೆ. ನಮ್ಮಲ್ಲಿ ಹಾಗಲ್ಲ. ನಮಗೆ ಶಾಲೆಯ ರಜೆ ದೊರೆಯುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ. ಆಗ ಸಹ್ಯಾದ್ರಿಯ ಹುಲ್ಲು ಒಣಗಿ ಕಾಳ್ಗಿಚ್ಚಿಗೆ ಕಾದಿರುತ್ತದೆ. ಈ ಕಾರಣದಿಂದ ಕುಮಾರಪರ್ವತದಂಥ ದಾರಿಗಳನ್ನು ಅರಣ್ಯ ಇಲಾಖೆಯವರು ಬೇಸಿಗೆಯಲ್ಲಿ ಮುಚ್ಚುವುದುಂಟು. ಅಲ್ಲದೆ 2024ರ ಆರಂಭದಲ್ಲಿ ಆ ಪರ್ವತದಲ್ಲಿ ಜನಸಂದಣಿಯು ಮಿತಿಮೀರಿದ ಮೇಲೆ, ಮೊದಲೇ ಹೆಸರನ್ನು ನೋಂದಾಯಿಸಿ ಅನುಮತಿ ಪಡೆದವರಿಗೆ ಮಾತ್ರ ಪ್ರವೇಶವೆಂಬ ಕಟ್ಟುಪಾಡು ಬಂದಿದೆ. 'ಅರಣ್ಯ ವಿಹಾರ' ಎಂಬ ಸರಕಾರಿ ಜಾಲತಾಣದಲ್ಲಿ ಇದಕ್ಕೆ ಏರ್ಪಾಡಿದೆ. ಆದುದರಿಂದ ಮೊದಲು ಅನುಮತಿ, ಆಮೇಲೆ ಬಿಡಾರ. ಈ ಕ್ರಮವು ತಪ್ಪಕೂಡದು. ಅಳಿಯಂದಿರು ಕೊಠಡಿಗೆ ಹಣ ಕಟ್ಟುವ ಮೊದಲೇ ನಾವು ವಿಚಾರಿಸಿದುದು ಒಳ್ಳೆಯದಾಯಿತು, ದಾರಿ ಮುಚ್ಚಿತ್ತು.

ಬೇಸಿಗೆಯ ಇನ್ನೊಂದು ಭಯ ಸಿಡಿಲು. ಏಪ್ರಿಲ್ ಮೇ ತಿಂಗಳುಗಳಲ್ಲಿ ಮುಂಜಾನೆ ನಿರ್ಮಲವಾಗಿರುವ ಆಕಾಶವು ಮಧ್ಯಾಹ್ನ ಮೂರರ ಹೊತ್ತಿಗೆ ಕಪ್ಪಾಗಿ ಗುಡುಗುವುದು ಘಟ್ಟದಲ್ಲಿ ಸಾಮಾನ್ಯ. ಮರವಿಲ್ಲದ ಹುಲ್ಲಿನ ನೆತ್ತಿಯಲ್ಲಿ ಆಗ ಮನುಷ್ಯನೇ ಎಲ್ಲಕ್ಕಿಂತ ಎತ್ತರದ ವಸ್ತು. ಆದುದರಿಂದ ಮಧ್ಯಾಹ್ನಕ್ಕೆ ಮೊದಲು ನೆತ್ತಿಯಿಂದ ಇಳಿಯಲು ಸಾಧ್ಯವಾಗುವಷ್ಟು ಹತ್ತಿರದಲ್ಲಿ ಬಿಡಾರವಿರಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ, ಜಾರಿಕೆ, ಉಂಬಳಗಳ ಕಾಟ. ಆಗ ಬೆಟ್ಟವನ್ನು ದೂರದಿಂದ ನೋಡುವುದೇ ಕ್ಷೇಮ.

ಮೂರನೆಯ ಭಯವನ್ನು ನಮ್ಮ ಜಿಲ್ಲೆಯವರಿಗೆ ಹೇಳಬೇಕಾದುದಿಲ್ಲ. ದೂರದ ಓದುಗರಿಗಾಗಿ ಹೇಳುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಮಂಗನಕಾಯಿಲೆಯು ಉಣುಗುಗಳ ಕಡಿತದಿಂದ ಬರುವುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ ಹೆಚ್ಚು. ಸಾಗರ, ಸಿದ್ದಾಪುರ, ಹೊನ್ನಾವರ ತಾಲೂಕುಗಳು ಅದರ ನೋವನ್ನು ಉಂಡಿವೆ. ಆದುದರಿಂದ ಬೇಸಿಗೆಯಲ್ಲಿ ಮಲೆನಾಡಿನ ಯಾವ ಊರಿನಲ್ಲಿ ಬಿಡಾರ ಹೂಡುವುದಾದರೂ, ಅಲ್ಲಿ ಮಂಗಗಳು ಸತ್ತುಬಿದ್ದಿವೆಯೇ ಎಂಬುದನ್ನು ಸಮೀಪದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿಯೇ ಹೋಗಬೇಕು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಹಚ್ಚಿಕೊಂಡು, ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಒಗೆಯಬೇಕು. ಬಚ್ಚಲಲ್ಲಿ ಬಿಸಿನೀರು ಯಥೇಚ್ಛವಾಗಿ ದೊರೆಯುವ ಮನೆಯು ಈ ದೃಷ್ಟಿಯಿಂದಲೂ ಒಳ್ಳೆಯ ಬಿಡಾರ.

ಬಿಡಾರದ ನೆಲವೇ ಭದ್ರವಾಗಿರಬೇಕೆಂಬುದನ್ನು ಹಿಂದೆ ನಾವು ಯೋಚಿಸುತ್ತಲೇ ಇರಲಿಲ್ಲ. 2024ರ ಜುಲೈ 16ರಂದು ನಮ್ಮ ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು, ಹೆದ್ದಾರಿಯ ಬದಿಯ ಚಹದ ಅಂಗಡಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿ ನದಿಗೆ ನೂಕಿದುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 2025ರ ಮೇ 28ರಂದು ಹಿಮನದಿಯೊಂದು ಕುಸಿದು ಬ್ಲಾಟನ್ ಎಂಬ ಹಳ್ಳಿಯ ಬಹುಭಾಗವನ್ನು ಹೂತುಹಾಕಿತು. ಬೆಟ್ಟವನ್ನು ಗಮನಿಸುತ್ತಿದ್ದ ಅಧಿಕಾರಿಗಳು ಕೆಲವು ದಿನಗಳ ಮೊದಲೇ ಜನರನ್ನು ಹೊರಡಿಸಿದ್ದರಿಂದ ಸುಮಾರು ಮುನ್ನೂರು ಮಂದಿ ಉಳಿದುಕೊಂಡರು. ಆದುದರಿಂದ ಮಳೆಗಾಲದಲ್ಲಿ, ಮಳೆಗಾಲ ಮುಗಿದ ಹೊಸದರಲ್ಲಿ, ಗುಡ್ಡವನ್ನು ಕಡಿದಾಗಿ ಕಡಿದು ಕಟ್ಟಿದ ವಸತಿಗೃಹವು ಎಷ್ಟೇ ಚೆಲುವಾಗಿದ್ದರೂ ಅಲ್ಲಿ ಮಲಗತಕ್ಕದ್ದಲ್ಲ. ಹಳೆಯ ಮನೆಗಳೂ ಹಳೆಯ ಮರಗಳೂ ಇರುವ ಕಡೆ ನೆಲವು ನಿಂತು ಬಹುಕಾಲವಾಗಿದೆಯೆಂದು ತಿಳಿಯಬಹುದು.

ಹಿಮಾಲಯದ ಯಾತ್ರೆಗೆ ಹೋಗುವ ಗೃಹಸ್ಥರಿಗೆ ಒಂದು ಮಾತು. ನಮ್ಮ ಕರ್ನಾಟಕದ ಯಾವ ಬೆಟ್ಟವೂ 2,000 ಮೀಟರನ್ನು ಮುಟ್ಟದು. ಆದುದರಿಂದ ಎತ್ತರದ ಗಾಳಿಯಿಂದ ಬರುವ ತಲೆನೋವು, ವಾಕರಿಕೆ, ಉಸಿರಿನ ಕಷ್ಟ ಇಲ್ಲಿ ಇಲ್ಲ. ಕೇದಾರವಾದರೋ 3,500 ಮೀಟರಿಗೂ ಎತ್ತರದಲ್ಲಿದೆ. ಕರಾವಳಿಯಿಂದ ಹೊರಟವರು ಗುಪ್ತಕಾಶಿಯಂಥ ನಡುವಣ ಊರಿನಲ್ಲಿ ಒಂದೆರಡು ರಾತ್ರಿ ತಂಗಿ ಮೈಯನ್ನು ಹದಗೊಳಿಸಿಕೊಂಡು ಮೇಲೇರುವುದು ಲೇಸು. ಮೂರು ಸಾವಿರ ಮೀಟರ್ ದಾಟಿದ ಮೇಲೆ, ಮಲಗುವ ಜಾಗವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರ ಸೂಚನೆ.

ಒಂದು ರಾತ್ರಿಯ ಕಥೆ

ಇನ್ನು ಮೊದಲು ಹೇಳಿದ ಸಂಗತಿ. 1994ನೆಯ ಇಸವಿಯ ಮೇ ತಿಂಗಳು. ಆಗ ನನಗೆ ಮೂವತ್ತು ತುಂಬಿರಲಿಲ್ಲ. ನನ್ನ ಆಯಿಯನ್ನು ಮೂಕಾಂಬಿಕೆಯ ದರ್ಶನಕ್ಕೆ ಕೊಲ್ಲೂರಿಗೆ ಕರೆದುಕೊಂಡು ಹೋಗಿದ್ದೆ. ನನ್ನ ಜೊತೆಯ ಉಪಾಧ್ಯಾಯರೊಬ್ಬರೂ ಬಂದಿದ್ದರು. ಮರುದಿನ ನಾವಿಬ್ಬರೂ ಕೊಡಚಾದ್ರಿಯನ್ನು ಕಾಡಿನ ದಾರಿಯಿಂದ ಹತ್ತಿ ಬರುವುದೆಂದು ನಿಶ್ಚಯಿಸಿದೆವು. ಪೂಜೆ ಮುಗಿದು ಫಲಾಹಾರ ಮಾಡಿ ಹೊರಡುವಾಗ ಹತ್ತು ಗಂಟೆಯಾಗಿತ್ತು. "ಕತ್ತಲಾಗುವ ಮೊದಲು ಬರುತ್ತೇನೆ ಆಯಿ" ಎಂದು ಹೇಳಿ ಛತ್ರದ ಮೆಟ್ಟಿಲಿಳಿದೆ.

ಆ ಬಿಸಿಲಿನಲ್ಲಿ ಆ ಏರಿಗೆ ನಾವು ಒಯ್ದಿದ್ದ ನೀರು ಮಧ್ಯಾಹ್ನದೊಳಗೆ ಮುಗಿಯಿತು. ನೆತ್ತಿಯ ಹತ್ತಿರ ಬಂದಾಗ ಮೂರೂವರೆ. ಸರ್ವಜ್ಞಪೀಠದ ಕಲ್ಲಿನ ಗುಡಿಯು ಕಣ್ಣಿಗೆ ಬಿದ್ದ ಕ್ಷಣದಲ್ಲಿಯೇ ಮೋಡ ಕವಿದು ಗುಡುಗಿತು. ಹಿಂದಿರುಗಿ ಓಡುವಾಗ ಗೆಳೆಯನು ಜಾರಿ ಬಿದ್ದು ಪಾದವು ಉಳುಕಿತು. ಅವನನ್ನು ಹೆಗಲಿಗೆ ಆನಿಸಿಕೊಂಡು ಬೆಟ್ಟದ ಮೇಲಣ ಅರ್ಚಕರ ಮನೆಯನ್ನು ಸೇರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಆ ಮನೆಯವರು ಬೆಲ್ಲ ನೀರು ಕೊಟ್ಟರು, ಒಣಬಟ್ಟೆ ಕೊಟ್ಟರು, ಗಂಜಿ ಬಡಿಸಿದರು. ನಾವು ಬೆಚ್ಚಗೆ ಮಲಗಿದೆವು. ಆದರೆ ಕೆಳಗೆ ತಿಳಿಸುವುದು ಹೇಗೆ? ಆಗ ಕೈಯಲ್ಲಿ ಫೋನಿಲ್ಲ.

ಮರುದಿನ ಗೆಳೆಯನನ್ನು ಜೀಪಿನಲ್ಲಿ ಕೂರಿಸಿಕೊಂಡು ಕೊಲ್ಲೂರಿಗೆ ಬಂದಾಗ ಹನ್ನೊಂದು ಗಂಟೆ. ಆಯಿ ಛತ್ರದ ಅದೇ ಮೆಟ್ಟಿಲ ಮೇಲೆ ಕುಳಿತಿದ್ದಳು. ರಾತ್ರಿಯೆಲ್ಲ ಅಲ್ಲಿಯೇ ಕುಳಿತಿದ್ದಳೆಂದು, ಗುಡುಗಿದಾಗಲೆಲ್ಲ ಎದ್ದು ಬೀದಿಗೆ ಬಂದು ಬೆಟ್ಟದ ಕಡೆ ನೋಡುತ್ತಿದ್ದಳೆಂದು, ಊಟವನ್ನು ಮುಟ್ಟಲಿಲ್ಲವೆಂದು ಛತ್ರದವರು ಹೇಳಿದರು. ಆಯಿ ನನ್ನನ್ನು ಬೈಯಲಿಲ್ಲ. ಸೆರಗಿನಿಂದ ನನ್ನ ತಲೆಯನ್ನು ಒರೆಸಿದಳು, ತಲೆ ಒದ್ದೆಯಾಗಿರಲಿಲ್ಲ. ಬಹಳ ಹೊತ್ತಿನ ಮೇಲೆ, ಬಸ್ಸಿನಲ್ಲಿ ಕುಳಿತಾಗ, ಹೀಗೆಂದಳು: "ಇನ್ನು ಮೇಲೆ ಕತ್ತಲಾಗುವ ಮೊದಲು ಬರುತ್ತೇನೆಂದು ಹೇಳಬೇಡ. ಕತ್ತಲಾದರೆ ಎಲ್ಲಿರುತ್ತೀ ಎಂದು ಹೇಳಿ ಹೋಗು."

ಆಯಿ ತೀರಿಕೊಂಡು ಈಗ ಹದಿನಾಲ್ಕು ವರ್ಷಗಳಾದವು. ಗಿರಿಯಾತ್ರೆಯ ವಿಷಯದಲ್ಲಿ ನಾನು ಓದಿದ, ಕೇಳಿದ ಉಪದೇಶಗಳಲ್ಲೆಲ್ಲ ಇದಕ್ಕಿಂತ ಮಿಗಿಲಾದುದು ಇಲ್ಲ.

ನಾವು ಮಾಡಿದ ನಿರ್ಧಾರ

ಈ ಕಥೆಯನ್ನು ಕೇಳಿದ ಮೇಲೆ ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಕೂಡಿ ಹೀಗೆ ನಿಶ್ಚಯಿಸಿದೆವು. ಬೇಸಿಗೆಯಲ್ಲಿ ದೊಡ್ಡ ಬೆಟ್ಟ ಬೇಡ. ಸಂತೆಗುಳಿಯ ಮನೆಯೇ ಬಿಡಾರವಾಗಲಿ. ನಮ್ಮದೇ ತಾಲೂಕಿನ ಯಾಣವಿದೆ. ಭೈರವೇಶ್ವರ ಶಿಖರವು 120 ಮೀಟರ್, ಮೋಹಿನಿ ಶಿಖರವು 90 ಮೀಟರ್ ಎತ್ತರವಾಗಿ ಕಪ್ಪು ಸುಣ್ಣಕಲ್ಲಿನಿಂದ ಎದ್ದು ನಿಂತಿವೆ. 1801ರಲ್ಲಿಯೇ ಬುಕಾನನ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿಯು ಅವುಗಳ ಕುರಿತು ಬರೆದಿಟ್ಟಿದ್ದಾನೆ. ವಾಹನದಿಂದಿಳಿದ ಮೇಲೆ ಮರಗಳ ನೆರಳಿನಲ್ಲಿ ಅಲ್ಪದೂರದ ನಡಿಗೆ. ನಾವು ಮುಂಜಾನೆಯೇ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದೆವು, ಅಪ್ಪೆಹುಳಿ ಕಾದಿತ್ತು.

ದೊಡ್ಡ ಬೆಟ್ಟವನ್ನು ಕಾರ್ತಿಕಮಾಸಕ್ಕೆ ಇಟ್ಟುಕೊಂಡೆವು. ಮಳೆ ಹಿಂದೆ ಸರಿದಿರುತ್ತದೆ, ಹುಲ್ಲು ಹಸಿರಾಗಿರುತ್ತದೆ, ಕಾಳ್ಗಿಚ್ಚಿಲ್ಲ, ಉಣುಗಿನ ಕಾಲವೂ ಮೊದಲಾಗಿರುವುದಿಲ್ಲ. ಬಿಡಾರ ಕೊಲ್ಲೂರಿನಲ್ಲಿ, ದೇವಸ್ಥಾನಕ್ಕೆ ಹತ್ತಿರವಾದ, ಮೆಟ್ಟಿಲಿಲ್ಲದ ಕೋಣೆಯಲ್ಲಿ. ಇದು ನಮ್ಮ ಗೃಹಿಣಿಯ ಮಂಡಿಗಾಗಿ. ಏರುವವರು ಮಾತ್ರ ಬೆಳಕು ಹರಿಯುವ ಮೊದಲೇ ಜೀಪಿನಲ್ಲಿ ಘಟ್ಟವನ್ನು ಹತ್ತಿ, ಮೇಲಣ ಕಡೆಯಿಂದ ನಡೆಯುವುದು. ಹೀಗೆ ಉಪತ್ಯಕೆಯ ಸೌಖ್ಯವೂ ಅಧಿತ್ಯಕೆಯ ಸಾಮೀಪ್ಯವೂ ಎರಡೂ ದೊರೆತವು.

ಹೊರಡುವ ಹಿಂದಿನ ರಾತ್ರಿ ಮೊಮ್ಮಗನು ಒಂದು ಹಾಳೆಯ ಮೇಲೆ ತನ್ನ ಕೈಯಿಂದಲೇ ಬರೆದನು: ಜೀಪಿನವರ ಹೆಸರು ಮತ್ತು ಫೋನು, ಹೋಗುವ ದಾರಿ, ನೆತ್ತಿಯಿಂದ ಹಿಂದಿರುಗುವ ಗಂಟೆ ಹನ್ನೆರಡು, ಅಲ್ಲಿಯವರೆಗೆ ಮುಟ್ಟಿದ್ದರೂ ಮುಟ್ಟದಿದ್ದರೂ ಹಿಂದಿರುಗುವುದು, ಕತ್ತಲಾದರೆ ತಂಗುವ ಮನೆ, ಎಷ್ಟು ಗಂಟೆಯವರೆಗೆ ಸುದ್ದಿ ಬಾರದಿದ್ದರೆ ಯಾರನ್ನು ಕೇಳಬೇಕು ಎಂಬುದು. ಬೆಟ್ಟದಲ್ಲಿ ಮೊಬೈಲಿಗೆ ಸಂಪರ್ಕ ದೊರೆಯುವುದೆಂಬ ಭರವಸೆಯಿಲ್ಲವಾದುದರಿಂದ ಈ ಹಾಳೆಯು ಎಲ್ಲ ಯಂತ್ರಗಳಿಗಿಂತ ಮೇಲು. ಅದನ್ನು ಅವನು ಅಜ್ಜಿಯ ಕೈಗೆ ಕೊಟ್ಟು ಓದಿ ಹೇಳಿದನು. ಅವಳು ಮಡಿಸಿ ಕುಂಕುಮದ ಭರಣಿಯ ಕೆಳಗೆ ಇಟ್ಟಳು.

ಮರುದಿನ ನಾವು ಹನ್ನೊಂದೂವರೆಗೆ ಸರ್ವಜ್ಞಪೀಠದ ಬಳಿ ಇದ್ದೆವು. ಪಶ್ಚಿಮದಲ್ಲಿ ಕಡಲಿನ ಗೆರೆ ಕಾಣುತ್ತಿತ್ತು. ಹನ್ನೆರಡಕ್ಕೆ ಇಳಿಯತೊಡಗಿದೆವು. ನಾಲ್ಕಕ್ಕೆ ಮೊದಲು ಕೊಲ್ಲೂರನ್ನು ಮುಟ್ಟಿದಾಗ ನಮ್ಮ ಗೃಹಿಣಿಯು ಮೆಟ್ಟಿಲ ಮೇಲೆ ಕುಳಿತಿರಲಿಲ್ಲ. ಸೌಪರ್ಣಿಕೆಯಲ್ಲಿ ಮಿಂದು, ದರ್ಶನ ಮುಗಿಸಿ, ಪ್ರಸಾದವನ್ನು ಉಂಡು, ಕೋಣೆಯಲ್ಲಿ ನೆಮ್ಮದಿಯಿಂದ ನಿದ್ರಿಸುತ್ತಿದ್ದಳು. ಬಾಗಿಲು ತಟ್ಟಿದ ಮೇಲೆಯೇ ಎಚ್ಚರವಾಯಿತು.

ಮೂವತ್ತು ವರ್ಷಗಳ ಹಿಂದೆ ಆಗಬೇಕಾಗಿದ್ದುದು ಅದೇ ಊರಿನಲ್ಲಿ ಅಂದು ಆಯಿತೆಂದು ನನಗೆ ತೋರಿತು. ವಾಚಕರು ತಮ್ಮ ಮುಂದಿನ ಗಿರಿಯಾತ್ರೆಗೆ ಬಿಡಾರವನ್ನು ಆರಿಸುವಾಗ ಎತ್ತರ, ದೂರ, ವೆಚ್ಚ ಎಲ್ಲವನ್ನೂ ಅವಶ್ಯವಾಗಿ ಲೆಕ್ಕ ಹಾಕಲಿ. ಕೊನೆಗೆ, ಅಲ್ಲಿ ಕಾಯುತ್ತ ಉಳಿಯುವವರಿಗೆ ನಿದ್ರೆ ಬಂದೀತೇ ಎಂಬುದನ್ನೂ ಒಮ್ಮೆ ಕೇಳಿಕೊಳ್ಳಲಿ ಎಂದು ಬೇಡುತ್ತೇನೆ.